ಎದೆ ತುಂಬಲು ಎಷ್ಟು ಎತ್ತಬೇಕು, ಏನು ತಿನ್ನಬೇಕು

ಸೋಮವಾರ ಸಂಜೆ ಯಾವ ಜಿಮ್‌ಗೆ ಹೋದರೂ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ಒತ್ತುವ ವ್ಯಾಯಾಮ) ಹತ್ತಿರ ಸರದಿ ಇದ್ದೇ ಇರುತ್ತದೆ. ಎದೆಗಾಗಿ ಸುರಿಸುವಷ್ಟು ಬೆವರನ್ನು ಹುಡುಗರು ಮೈಯ ಬೇರೆ ಯಾವ ಭಾಗಕ್ಕೂ ಸುರಿಸುವುದಿಲ್ಲ. ಹಾಗಿದ್ದೂ ಒಂದು ವರ್ಷ ಬಿಡದೆ ಬೆಂಚ್ ಮಾಡಿದ ಎಷ್ಟೋ ಜನರ ಎದೆ ಮೊದಲಿದ್ದ ಹಾಗೇ ಇರುತ್ತದೆ. ಸಣಕಲು ಮೈಯವರದು ಚಪ್ಪಟೆ, ಹೊಟ್ಟೆ ಬಂದವರದು ಮೆತ್ತಗೆ ಜೋತು ಬಿದ್ದಿರುತ್ತದೆ. ಆಗ ಇಬ್ಬರೂ ಮಾಡುವ ಉಪಾಯ ಒಂದೇ, ಇನ್ನೆರಡು ವ್ಯಾಯಾಮ ಸೇರಿಸುವುದು. ಇಬ್ಬರ ತೊಂದರೆಯೂ ಹೆಚ್ಚಾಗಿ ಬೇರೆ ಕಡೆ ಇರುತ್ತದೆ: ಸ್ವಲ್ಪ ಎತ್ತುವ ರೀತಿಯಲ್ಲಿ, ಬಹಳಷ್ಟು ಊಟದ ತಟ್ಟೆಯಲ್ಲಿ.

ಕಣ್ಣಿಗೆ ಕಾಣುವ ಎದೆ ಎಂದರೆ ಎರಡು ಪದರ. ಒಳಗಿನದು ಸ್ನಾಯು, ಅದರ ಮೇಲೆ ಹಾಸಿದ್ದು ಕೊಬ್ಬು. ಬೆಂಚ್ ಪ್ರೆಸ್ ಒಳಗಿನ ಪದರವನ್ನು ದಪ್ಪ ಮಾಡಬಲ್ಲದು, ಮೇಲಿನ ಪದರವನ್ನು ಕರಗಿಸಲಾರದು. ಎದೆಯ ವ್ಯಾಯಾಮ ಮಾಡಿದರೆ ಎದೆಯ ಕೊಬ್ಬೇ ಕರಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿ ಉಳಿದಿದೆ, ಆದರೆ ದೇಹ ಕೊಬ್ಬು ಕರಗಿಸುವುದು ಮೈಯೆಲ್ಲದರಿಂದ. ಎಲ್ಲಿಂದ ಮೊದಲು, ಎಲ್ಲಿಂದ ಕೊನೆಗೆ ಎಂಬುದನ್ನು ಹುಟ್ಟುಗುಣ ತೀರ್ಮಾನಿಸುತ್ತದೆ. ಗಂಡಸರಲ್ಲಿ ಹೊಟ್ಟೆ ಮತ್ತು ಎದೆಯ ಕೆಳಭಾಗದ ಕೊಬ್ಬು ಸಾಮಾನ್ಯವಾಗಿ ಕೊನೆಗೆ ಹೋಗುವಂಥದ್ದು. ಅದನ್ನು ಕಳಿಸುವ ಕೆಲಸ ಊಟದ್ದು.

ಒಳಪದರದ ಮುಖ್ಯ ಸ್ನಾಯುವಿನ ಹೆಸರು ಪೆಕ್ಟೊರಾಲಿಸ್ ಮೇಜರ್. ಬೀಸಣಿಗೆಯಂತೆ ಹರಡಿಕೊಂಡಿದೆ. ಒಂದು ಭಾಗ ಕಾಲರ್ ಬೋನ್‌ನಿಂದ ಹೊರಡುತ್ತದೆ, ದೊಡ್ಡ ಭಾಗ ಎದೆಯ ನಡುಮೂಳೆ ಮತ್ತು ಪಕ್ಕೆಲುಬುಗಳಿಂದ. ಎಲ್ಲ ಎಳೆಗಳೂ ಒಟ್ಟಾಗಿ ತೋಳಿನ ಮೂಳೆಯ ಮೇಲ್ಭಾಗಕ್ಕೆ ಬಂದು ಅಂಟಿಕೊಳ್ಳುತ್ತವೆ. ಆದ್ದರಿಂದ ಈ ಸ್ನಾಯುವಿನ ಕೆಲಸ ತೋಳನ್ನು ಮೈಯ ಮುಂದಕ್ಕೆ, ನಡುಗೆರೆಯ ಕಡೆಗೆ ತರುವುದು. ಕಾಲರ್ ಬೋನಿನ ಭಾಗ ತೋಳನ್ನು ಮೇಲಕ್ಕೆ ಎತ್ತುವುದಕ್ಕೂ ನೆರವಾಗುತ್ತದೆ. ಬೆಂಚನ್ನು ಸ್ವಲ್ಪ ಏರಿಸಿದರೆ ಮೇಲೆದೆಗೆ ಹೆಚ್ಚು ಕೆಲಸ ಬೀಳುವುದು ಇದರಿಂದಲೇ. ‘ಇನ್ನರ್ ಚೆಸ್ಟ್’ ಎಂದು ಬೇರೆ ಸ್ನಾಯು ಇಲ್ಲ. ಒಂದೊಂದು ಎಳೆಯೂ ಎದೆಯ ನಡುವಿನಿಂದ ತೋಳಿನತ್ತ ಓಡುವುದರಿಂದ ಒಳಗಿನ ತುದಿಯನ್ನು ಮಾತ್ರ ಬೆಳೆಸಲು ಬರುವುದಿಲ್ಲ. ಎರಡು ಬದಿಗಳ ನಡುವಿನ ಅಂತರ ಹುಟ್ಟಿನಿಂದ ಬಂದದ್ದು.

ಮೊದಲು ಟೇಪ್ ಹಿಡಿಯಿರಿ

ತೂಕ ಇಳಿಸಬೇಕೋ, ಏರಿಸಬೇಕೋ ಎಂದು ಗೊತ್ತಿಲ್ಲದೆ ಊಟ ಬದಲಿಸಬೇಡಿ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ದರ್ಜಿಯ ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟು ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) ಲೆಕ್ಕದಲ್ಲೂ ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ ಎಂದೇ ಎಣಿಕೆ, ಏಕೆಂದರೆ ಅದೇ ತೂಕದ ಯೂರೋಪಿನವರಿಗಿಂತ ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ, ಮೆತ್ತನೆಯ ಎದೆ: ಕಂಪ್ಯೂಟರ್ ಮುಂದೆ ದಿನ ಕಳೆಯುವವರ ಮಾಮೂಲಿ ಮೈಕಟ್ಟು ಇದೇ.

ಸೊಂಟ 90 ದಾಟಿದ್ದರೆ, ಅಥವಾ ನಿಮ್ಮ ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ, ಮೊದಲು ಕೊಬ್ಬು ಇಳಿಸಿ. ಪಕ್ಕೆಲುಬು ಎಣಿಸಲು ಬರುವಷ್ಟು ಸಣ್ಣಗಿದ್ದರೆ ಹೆಚ್ಚು ತಿನ್ನಿ. ಎರಡರ ನಡುವೆ ಇದ್ದು ಜಿಮ್‌ಗೆ ಹೊಸಬರಾಗಿದ್ದರೆ ತೂಕವನ್ನು ಇದ್ದಲ್ಲೇ ಇಟ್ಟು ಪ್ರೋಟೀನ್ ಮಾತ್ರ ಏರಿಸಿ. ಮೊದಲ ನಾಲ್ಕಾರು ತಿಂಗಳು ಹೊಸಬರ ದೇಹ ಕೊಬ್ಬು ಕರಗಿಸುತ್ತಲೇ ಸ್ನಾಯು ಕಟ್ಟುತ್ತದೆ. ಹಳಬರಿಗೆ ಈ ಅನುಕೂಲ ಅಷ್ಟಾಗಿ ಸಿಗುವುದಿಲ್ಲ. ಸೊಂಟ 98 ಇರುವವರು ‘ಬಲ್ಕಿಂಗ್’ (ಹೆಚ್ಚು ತಿಂದು ಮೈ ಬೆಳೆಸುವುದು) ಎಂದು ದಿನಕ್ಕೆರಡು ಸಲ ಬಿರಿಯಾನಿ ತಿನ್ನುವುದು ಈ ದಾರಿಯಲ್ಲಿ ಅತ್ಯಂತ ದುಬಾರಿ ತಪ್ಪು. ಆರು ತಿಂಗಳಲ್ಲಿ ಹತ್ತಿಸಿಕೊಂಡದ್ದನ್ನು ಇಳಿಸಲು ಮತ್ತೆ ಆರು ತಿಂಗಳು ಬೇಕಾಗುತ್ತದೆ.

ಒಂದೇ ಒಂದು ರೆಪ್ ಹೇಗಿರಬೇಕು

ರೆಪ್ ಎಂದರೆ ಭಾರವನ್ನು ಒಂದು ಸಲ ಇಳಿಸಿ ಎತ್ತುವುದು, ಬಿಡುವಿಲ್ಲದೆ ಮಾಡುವ ಒಂದಷ್ಟು ರೆಪ್ಸ್ ಸೇರಿದರೆ ಒಂದು ಸೆಟ್. ಬೆಂಚ್ ಮೇಲೆ ಮಲಗಿದಾಗ ಕಣ್ಣು ನೇರವಾಗಿ ರಾಡಿನ ಕೆಳಗೆ ಬರಲಿ. ಅದಕ್ಕಿಂತ ಮೇಲಕ್ಕೆ ಸರಿದರೆ ಒತ್ತುವಾಗ ರಾಡು ಸ್ಟ್ಯಾಂಡಿಗೆ ಬಡಿಯುತ್ತದೆ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿ. ಈಗ ಬೆನ್ನ ಮೇಲಿನ ಎರಡು ಹಲಗೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತಂದು, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕುವ ಹಾಗೆ ಕೆಳಕ್ಕೆಳೆಯಿರಿ. ಎದೆ ತಾನಾಗಿ ಮೇಲೇಳುತ್ತದೆ, ಭುಜ ಹಿಂದೆ ಸರಿದು ಕೂರುತ್ತದೆ. ಬಹುಪಾಲು ಜನರು ಬಿಟ್ಟುಬಿಡುವುದು ಈ ಹಂತವನ್ನೇ. ಭುಜ ಮುಂದೆ ಬಂದಿದ್ದರೆ ಭಾರ ಹೊರುವುದು ಭುಜ ಮತ್ತು ರಟ್ಟೆಯ ಹಿಂಭಾಗದ ಟ್ರೈಸೆಪ್ಸ್, ಎದೆ ಸುಮ್ಮನಿರುತ್ತದೆ. ‘ಬೆಂಚ್ ಮಾಡಿದರೆ ಕೈ ಮಾತ್ರ ನೋಯುತ್ತದೆ, ಎದೆಗೆ ಏನೂ ಆಗುವುದಿಲ್ಲ’ ಎನ್ನುವವರು ಮೊದಲು ಸರಿಪಡಿಸಬೇಕಾದ್ದು ಇದನ್ನು.

ರಾಡು ಎದೆಯ ಹತ್ತಿರ ಬಂದಾಗ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ ನೆಲಕ್ಕೆ ನೆಟ್ಟ ಕಂಬದ ಹಾಗೆ ನಿಂತಿರಬೇಕು. ಹಿಡಿತದ ಅಗಲಕ್ಕೆ ಅದೇ ಅಳತೆ. ರಾಡು ಬೆರಳ ಬುಡದಲ್ಲಿ ಬೇಡ, ಅಂಗೈಯ ಬುಡದ ಮೇಲೆ ಕೂರಲಿ, ಇಲ್ಲದಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಿ ನೋವು ಶುರುವಾಗುತ್ತದೆ. ಹೆಬ್ಬೆರಳು ರಾಡನ್ನು ಸುತ್ತಿಕೊಂಡೇ ಇರಲಿ. ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿದಾಗ ರಾಡು ಜಾರಿದರೆ ನೇರ ಎದೆಗೋ ಕೊರಳಿಗೋ ಬೀಳುತ್ತದೆ.

ಉಸಿರು ಎಳೆದುಕೊಂಡು ಎರಡು ಸೆಕೆಂಡಿನಲ್ಲಿ ರಾಡನ್ನು ಕೆಳಗೆ ತನ್ನಿ. ತಾಗಬೇಕಾದ ಜಾಗ ಮೊಲೆತೊಟ್ಟಿನ ಗೆರೆ ಅಥವಾ ಅದಕ್ಕಿಂತ ಒಂದು ಬೆರಳು ಕೆಳಗೆ. ಮೊಣಕೈ ಪಕ್ಕೆಯಿಂದ 45ರಿಂದ 60 ಡಿಗ್ರಿ ದೂರದಲ್ಲಿರಲಿ. ಕೈಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ 90 ಡಿಗ್ರಿ ಚಾಚಿ, ರಾಡನ್ನು ಕೊರಳ ಹತ್ತಿರ ತಂದರೆ ಭುಜದ ಮುಂಭಾಗದ ಕೀಲಿನಲ್ಲಿ ತಿಕ್ಕಾಟ ಶುರು. ಎರಡು ತಿಂಗಳಲ್ಲಿ ಶರ್ಟ್ ಹಾಕಲು ಕೈ ಎತ್ತಿದರೂ ಚುಚ್ಚುತ್ತದೆ. ರಾಡು ಎದೆಗೆ ಮೆತ್ತಗೆ ತಾಗಲಿ, ಚೆಂಡಿನಂತೆ ಪುಟಿಯದಿರಲಿ. ಪುಟಿಸಿ ಎತ್ತುವವರು ಸ್ನಾಯು ಅತಿ ಹೆಚ್ಚು ಹಿಗ್ಗುವ, ಬೆಳವಣಿಗೆಗೆ ಅತಿ ಹೆಚ್ಚು ಬೇಕಾದ ಕೆಳಗಿನ ಅರ್ಧವನ್ನೇ ಪಕ್ಕೆಲುಬಿಗೆ ಬಿಟ್ಟುಕೊಡುತ್ತಾರೆ. ಮೇಲಕ್ಕೆ ಒತ್ತುವಾಗ ಉಸಿರು ಬಿಡುತ್ತಾ ಸ್ವಲ್ಪ ತಲೆಯ ಕಡೆಗೆ ಬಾಗಿದ ದಾರಿಯಲ್ಲಿ ಭುಜದ ನೇರಕ್ಕೆ ತನ್ನಿ. ಪೃಷ್ಠ ಬೆಂಚ್ ಬಿಟ್ಟು ಏಳುತ್ತಿದೆ ಎಂದರೆ ಭಾರ ನಿಮ್ಮದಲ್ಲ, ಒಂದು ಪ್ಲೇಟ್ ಇಳಿಸಿ.

ಒಬ್ಬರೇ ಮಾಡುವಾಗ ಡಂಬೆಲ್ ಹಿಡಿಯುವುದು ಕ್ಷೇಮ. ರಾಡೇ ಬೇಕೆಂದರೆ ರ‍್ಯಾಕಿನ ರಾಡು ತಡೆಯುವ ಅಡ್ಡಕಂಬಿಗಳನ್ನು, ಅಂದರೆ ಸೇಫ್ಟಿ ಪಿನ್‌ಗಳನ್ನು ಎದೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಾಕಿ. ಪಿನ್ ಇಲ್ಲದ ಬೆಂಚಿನಲ್ಲಿ ಜೊತೆಗೂ ಯಾರೂ ಇಲ್ಲದಿದ್ದರೆ ಪ್ಲೇಟಿಗೆ ಕ್ಲಿಪ್ ಹಾಕಬೇಡಿ. ಸಿಕ್ಕಿಹಾಕಿಕೊಂಡಾಗ ರಾಡನ್ನು ಒಂದು ಬದಿಗೆ ವಾಲಿಸಿ ಪ್ಲೇಟ್ ಜಾರಿಸಿ ಪಾರಾಗಬಹುದು. ಕ್ಲಿಪ್ ಇದ್ದರೆ ಆ ದಾರಿ ಮುಚ್ಚಿತು.

ಇನ್‌ಕ್ಲೈನ್ ಬೆಂಚ್ (ತಲೆಯ ಕಡೆ ಏರಿಸಿದ ಬೆಂಚ್) ವಿಷಯದಲ್ಲಿ ಒಂದೇ ಮಾತು. 15ರಿಂದ 30 ಡಿಗ್ರಿ ಸಾಕು, ಅಂದರೆ ಏರಿಳಿಸುವ ಬೆಂಚಿನಲ್ಲಿ ಮೊದಲ ಅಥವಾ ಎರಡನೆಯ ಮೆಟ್ಟಿಲು. ಅನೇಕ ಜಿಮ್‌ಗಳಲ್ಲಿ ಬೆಸುಗೆ ಹಾಕಿ ನಿಲ್ಲಿಸಿದ ಇನ್‌ಕ್ಲೈನ್ ಬೆಂಚ್ 45 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಅದರಲ್ಲಿ ಮೇಲೆದೆಗಿಂತ ಭುಜದ ಮುಂಭಾಗಕ್ಕೇ ಹೆಚ್ಚು ಕೆಲಸ. ಮೇಲೆದೆ ತುಂಬಿದರೆ ಇಡೀ ಎದೆ ಎತ್ತಿ ಕಟ್ಟಿದಂತೆ ಕಾಣುತ್ತದೆ. ಹಾಗಾಗಿ ವಾರದ ಅರ್ಧ ಸೆಟ್ ಇನ್‌ಕ್ಲೈನ್‌ಗೆ ಕೊಟ್ಟರೆ ನಷ್ಟವಿಲ್ಲ.

ವಾರಕ್ಕೆ ಎಷ್ಟು ಸೆಟ್

ಹೊಸಬರಿಗೆ ವಾರಕ್ಕೆ ಎದೆಗೆಂದು 6ರಿಂದ 10 ಸೆಟ್ ಸಾಕು. ಒಂದು ವರ್ಷ ಕಳೆದವರಿಗೆ 10ರಿಂದ 16. ಅದನ್ನೆಲ್ಲ ಸೋಮವಾರ ಒಂದೇ ದಿನ ಸುರಿಯುವ ಬದಲು ಎರಡು ದಿನಕ್ಕೆ ಹಂಚಿ, ನಡುವೆ 48 ಗಂಟೆ ಬಿಡಿ. ವ್ಯಾಯಾಮದ ನಂತರ ಸ್ನಾಯು ಕಟ್ಟುವ ಕೆಲಸ ಒಂದೆರಡು ದಿನ ಚುರುಕಾಗಿದ್ದು ಇಳಿಯುತ್ತದೆ. ಉಳಿದ ಐದು ದಿನ ಖಾಲಿ ಬಿಡುವುದಕ್ಕಿಂತ ಗುರುವಾರ ಮತ್ತೊಮ್ಮೆ ಎಚ್ಚರಿಸುವುದು ಲಾಭ. ಒಂದೇ ದಿನ 20 ಸೆಟ್ ಮಾಡುವವರ ಕೊನೆಯ ಹತ್ತು ಸೆಟ್ ಸುಸ್ತಿನವು, ಅವುಗಳಿಂದ ನೋವು ಬಂದೀತೇ ಹೊರತು ಬೆಳವಣಿಗೆ ಹೆಚ್ಚು ಬರುವುದಿಲ್ಲ.

ಮೊದಲ ದಿನ ಫ್ಲ್ಯಾಟ್ ಪ್ರೆಸ್ (ಸಮತಟ್ಟಾದ ಬೆಂಚಿನಲ್ಲಿ) 3 ಸೆಟ್, ಒಂದೊಂದರಲ್ಲಿ 6ರಿಂದ 8 ರೆಪ್ಸ್. ಆಮೇಲೆ ಇನ್‌ಕ್ಲೈನ್ ಡಂಬೆಲ್ ಪ್ರೆಸ್ 3 ಸೆಟ್, 8ರಿಂದ 12. ಎರಡನೆಯ ದಿನ ಇನ್‌ಕ್ಲೈನ್‌ನಿಂದಲೇ ಆರಂಭಿಸಿ 3 ಸೆಟ್, ಬಳಿಕ ಕೇಬಲ್ ಫ್ಲೈ ಅಥವಾ ಪೆಕ್ ಡೆಕ್ (ಚಾಚಿದ ತೋಳುಗಳನ್ನು ಎದೆಯ ಮುಂದೆ ಕೂಡಿಸುವ ಯಂತ್ರದ ವ್ಯಾಯಾಮಗಳು) 2 ಸೆಟ್, 12ರಿಂದ 15. ಇದು 11 ಸೆಟ್. ಹೊಸಬರು ಪ್ರತಿಯೊಂದರಲ್ಲೂ ಒಂದು ಸೆಟ್ ಕಡಿಮೆ ಮಾಡಿಕೊಳ್ಳಲಿ. ಪ್ರೆಸ್‌ಗಳ ನಡುವೆ ಎರಡರಿಂದ ಮೂರು ನಿಮಿಷ ಬಿಡುವು ಬೇಕೇ ಬೇಕು. ಮೊಬೈಲ್ ನೋಡುತ್ತಾ ಹತ್ತು ನಿಮಿಷ ಮಾಡಬೇಡಿ, ಬೆವರು ಆರಬಾರದೆಂದು ಮೂವತ್ತು ಸೆಕೆಂಡಿಗೂ ಇಳಿಸಬೇಡಿ. ಪ್ರತಿ ಸೆಟ್ಟನ್ನೂ ‘ಇನ್ನೊಂದೆರಡು ಮಾತ್ರ ಸರಿಯಾಗಿ ಎತ್ತಬಲ್ಲೆ’ ಎನ್ನುವ ಹಂತಕ್ಕೆ ನಿಲ್ಲಿಸಿ. ಇನ್ನೂ ಆರು ಎತ್ತಬಹುದಾಗಿದ್ದಾಗ ನಿಲ್ಲಿಸಿದ ಸೆಟ್ ಲೆಕ್ಕಕ್ಕಿಲ್ಲ.

ಮೊದಲ ಭಾರಿ ಸೆಟ್‌ಗೆ ಮುಂಚೆ ಖಾಲಿ ರಾಡಿನಲ್ಲಿ 12, ಅರ್ಧ ಭಾರದಲ್ಲಿ 6, ಮುಕ್ಕಾಲು ಭಾರದಲ್ಲಿ 3 ರೆಪ್ಸ್ ಮಾಡಿ ಕೀಲು ಬೆಚ್ಚಗಾಗಿಸಿ. ಒಲಿಂಪಿಕ್ ರಾಡಿನ ತೂಕ 20 ಕೆಜಿ, ಸಣ್ಣ ಜಿಮ್‌ಗಳ ತೆಳು ರಾಡು ಅದಕ್ಕಿಂತ ಸಾಕಷ್ಟು ಹಗುರ. ಜಿಮ್ ಬದಲಿಸಿದಾಗ ‘ಬಲ ಹೋಯಿತು’ ಎಂದು ಗಾಬರಿಯಾಗುವವರು ರಾಡಿನ ತೂಕ ಕೇಳಿ ತಿಳಿದುಕೊಳ್ಳಲಿ.

ಬೆಳವಣಿಗೆಯ ಗುಟ್ಟು ಒಂದು ನೋಟ್‌ಬುಕ್ಕಿನಲ್ಲಿದೆ. 12.5 ಕೆಜಿ ಡಂಬೆಲ್‌ನಲ್ಲಿ ಮೂರು ಸೆಟ್ ಎಂಟೆಂಟು ಬಂತು ಎಂದು ಬರೆದಿಡಿ. ಮುಂದಿನ ಸಲ ಒಂಬತ್ತು, ಆಮೇಲೆ ಹತ್ತು. ಮೂರೂ ಸೆಟ್‌ನಲ್ಲಿ 12 ಬಂದ ದಿನ 15 ಕೆಜಿಗೆ ಹೋಗಿ, ಮತ್ತೆ ಎಂಟಕ್ಕೆ ಇಳಿಯಿರಿ. 12.5ರಿಂದ 15 ಎಂದರೆ ಒಮ್ಮೆಲೇ ಶೇ 20ರಷ್ಟು ಏರಿಕೆ, ಹಾಗಾಗಿ ರೆಪ್ಸ್ ಇಳಿಯುವುದು ಸಹಜ. ರಾಡಿನಲ್ಲಾದರೆ ಎರಡೂ ಬದಿಗೆ 1.25 ಕೆಜಿ ಹಾಕಿ ಒಟ್ಟು 2.5 ಏರಿಸಬಹುದು. ಆರು ತಿಂಗಳಿಂದ ಅದೇ 40 ಕೆಜಿ ಎತ್ತುತ್ತಿದ್ದರೆ ದೇಹಕ್ಕೆ ಬೆಳೆಯಲು ಕಾರಣವೇ ಇಲ್ಲ. ಮರುದಿನದ ಮೈಕೈ ನೋವು ಅಳತೆಗೋಲಲ್ಲ, ನೋಟ್‌ಬುಕ್ಕಿನ ಅಂಕಿಯೇ ಅಳತೆಗೋಲು.

ಎದೆಗೆ ಎಷ್ಟು ಸೆಟ್ ಮಾಡುತ್ತೀರೋ ಬೆನ್ನಿಗೂ ಕನಿಷ್ಠ ಅಷ್ಟೇ ಮಾಡಿ, ಅಂದರೆ ಎಳೆಯುವ ವ್ಯಾಯಾಮಗಳು: ರೋಯಿಂಗ್, ಲ್ಯಾಟ್ ಪುಲ್‌ಡೌನ್, ಪುಲ್‌ಅಪ್. ದಿನವಿಡೀ ಕೀಬೋರ್ಡಿನ ಮುಂದೆ ಬಾಗಿದ ಭುಜವನ್ನು ಸಂಜೆ ಬರೀ ಎದೆ ವ್ಯಾಯಾಮದಿಂದ ಇನ್ನಷ್ಟು ಮುಂದಕ್ಕೆಳೆದರೆ ಎದೆ ಗುಳಿ ಬಿದ್ದಂತೆ ಕಾಣುತ್ತದೆ. ಬೆನ್ನು ಗಟ್ಟಿಯಾಗಿ ಭುಜ ಹಿಂದೆ ಸರಿದರೆ ಅದೇ ಎದೆ ಒಂದಿಂಚು ಅಗಲವಾಗಿ ಕಾಣುತ್ತದೆ. ಕಾಲಿಗೂ ವಾರಕ್ಕೆರಡು ದಿನ ಇರಲಿ.

ಜಿಮ್ ಇಲ್ಲದಿದ್ದರೆ ದಂಡ ಇದೆ

ಮೈಸೂರಿನ ಗರಡಿ ಮನೆಗಳಲ್ಲಿ ಕೆಂಪು ಮಟ್ಟಿಯ ಮೇಲೆ ಪೈಲ್ವಾನರು ಎದೆ ಬೆಳೆಸಿದ್ದು ಬೆಂಚ್ ಇಲ್ಲದೆಯೇ. ದಸರಾ ಕುಸ್ತಿಗೆ ಇಳಿಯುವವರ ದಿನಚರಿಯಲ್ಲಿ ದಂಡ–ಬಸ್ಕಿಗೆ ಇಂದಿಗೂ ಜಾಗವಿದೆ. ದಂಡದಲ್ಲಿ ಸೊಂಟ ಮೇಲಿಟ್ಟು, ಎದೆಯನ್ನು ನೆಲಕ್ಕೆ ಸವರಿಕೊಂಡು ಮುಂದೆ ಜಾರಿ, ಹಾವಿನಂತೆ ತಲೆ ಎತ್ತಬೇಕು. ಎದೆ, ಭುಜ, ಟ್ರೈಸೆಪ್ಸ್ ಮೂರಕ್ಕೂ ಕೆಲಸ. ನೇರ ಪುಷ್‌ಅಪ್‌ನಲ್ಲಿ ಮೈತೂಕದ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಕೈಗಳ ಮೇಲೆ ಬೀಳುತ್ತದೆ, 70 ಕೆಜಿಯವರಿಗೆ ಇದು ಸುಮಾರು 45 ಕೆಜಿ ಬೆಂಚ್ ಪ್ರೆಸ್‌ಗೆ ಸಮ. ಹೊಸಬರಿಗೆ ಇದು ಸಣ್ಣ ಭಾರವಲ್ಲ.

ನೆಲದ ಮೇಲೆ ಐದು ಬರದವರು ಕಟ್ಟೆಗೆ ಅಥವಾ ಮಂಚದ ಅಂಚಿಗೆ ಕೈಕೊಟ್ಟು ಆರಂಭಿಸಲಿ. ನೆಲದಲ್ಲಿ 20 ಸಲೀಸಾಗಿ ಬಂದ ಮೇಲೆ ಸಂಖ್ಯೆ ಏರಿಸುವುದರಲ್ಲಿ ಅರ್ಥವಿಲ್ಲ, ಕಷ್ಟ ಏರಿಸಿ. ಎರಡೂ ಕೈ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟರೆ ಎದೆ ಕೈಗಳಿಗಿಂತ ಕೆಳಗಿಳಿದು ಚೆನ್ನಾಗಿ ಹಿಗ್ಗುತ್ತದೆ. ಕಾಲನ್ನು ಕುರ್ಚಿಯ ಮೇಲಿಟ್ಟರೆ ಮೇಲೆದೆಗೆ ಭಾರ. ಬೆನ್ನಿಗೆ 5 ಕೆಜಿ ಅಕ್ಕಿ ತುಂಬಿದ ಬ್ಯಾಗ್ ಹಾಕಿದರೆ ಇನ್ನೊಂದು ಹಂತ. ದಿನಕ್ಕೆ ನೂರು ಎಂದು ಪಣ ತೊಡುವುದಕ್ಕಿಂತ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಕಷ್ಟದ ಸೆಟ್ ಮಾಡುವುದು ಒಳ್ಳೆಯದು.

ಅನ್ನ–ಸಾರಿನ ತಟ್ಟೆಯಲ್ಲಿ ಎಷ್ಟು ಪ್ರೋಟೀನ್

ಈಗ ನಿಜವಾದ ಕೊರತೆಯ ಕಡೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಶಿಫಾರಸಿನಲ್ಲಿ ಆರೋಗ್ಯವಂತ ವಯಸ್ಕರಿಗೆ ಪ್ರತಿ ಕೆಜಿ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದಿದೆ. ಅದು ಆರೋಗ್ಯ ಕಾಯ್ದುಕೊಳ್ಳಲು. ಭಾರ ಎತ್ತಿ ಸ್ನಾಯು ಕಟ್ಟಬೇಕೆಂದರೆ ಕೆಜಿಗೆ ಸುಮಾರು 1.6 ಗ್ರಾಂ ಬೇಕು. ಕೊಬ್ಬು ಇಳಿಸುವ ತಿಂಗಳುಗಳಲ್ಲಿ 2 ಗ್ರಾಂವರೆಗೆ ಹೋದರೆ ಇರುವ ಸ್ನಾಯು ಉಳಿಯುತ್ತದೆ. 70 ಕೆಜಿಯವರಿಗೆ ದಿನಕ್ಕೆ 110 ಗ್ರಾಂ ಎಂದಿಟ್ಟುಕೊಳ್ಳಿ.

ಒಂದು ಸಾಮಾನ್ಯ ಸಸ್ಯಾಹಾರದ ದಿನ ನೋಡೋಣ. ಬೆಳಿಗ್ಗೆ ಮೂರು ಇಡ್ಲಿ, ಸಾಂಬಾರ್: 9 ಗ್ರಾಂ. ಮಧ್ಯಾಹ್ನ ಒಂದು ಮುದ್ದೆ, 100 ಗ್ರಾಂ ರಾಗಿ ಹಿಟ್ಟಿನದು: 7. ಒಂದು ಬಟ್ಟಲು ಅನ್ನ: 4. ಸಾರು: 4. ಬೇಳೆ ಸಾರಿನಲ್ಲಿ ಪ್ರೋಟೀನ್ ತುಂಬ ಇದೆ ಎಂಬ ಭ್ರಮೆ ಒಡೆಯುವುದು ಇಲ್ಲಿಯೇ. ಒಣ ತೊಗರಿಬೇಳೆಯ 100 ಗ್ರಾಂನಲ್ಲಿ 22 ಗ್ರಾಂ ಇರುವುದು ನಿಜ. ಆದರೆ ನಾಲ್ಕು ಜನರ ಸಾರಿಗೆ ಬೀಳುವುದು ಒಂದು ಹಿಡಿ ಬೇಳೆ. ನಿಮ್ಮ ಪಾಲಿನ ಎರಡು ಸೌಟಿನಲ್ಲಿ ಸಿಗುವುದು ಹೆಚ್ಚೆಂದರೆ 20 ಗ್ರಾಂ ಬೇಳೆ. ತಿಳಿಸಾರಾದರೆ ಅದೂ ಇಲ್ಲ. ಮುಂದೆ ಒಂದು ಸಣ್ಣ ಬಟ್ಟಲು ಮೊಸರು: 3. ಎರಡು ಕಾಫಿಯ ಹಾಲು: 3. ಬಿಸ್ಕತ್ತು: 2. ರಾತ್ರಿ ಮೂರು ಚಪಾತಿ, ಪಲ್ಯ: 12. ಕೊನೆಗೆ ಸ್ವಲ್ಪ ಮೊಸರನ್ನ: 5. ಎಲ್ಲ ಕೂಡಿದರೆ 49. ಹೊಟ್ಟೆ ತುಂಬಿದೆ, ಸ್ನಾಯುವಿಗೆ ಬೇಕಾದ್ದರಲ್ಲಿ ಅರ್ಧವೂ ಬಂದಿಲ್ಲ.

ಸರಿಪಡಿಸುವುದು ಕಷ್ಟವಲ್ಲ, ದುಬಾರಿಯೂ ಅಲ್ಲ. ಬೆಳಿಗ್ಗೆ 300 ಮಿಲಿ ಟೋನ್ಡ್ ಹಾಲು ಸೇರಿಸಿದರೆ ಸುಮಾರು 10 ಗ್ರಾಂ. ಮಧ್ಯಾಹ್ನ ಹೆಸರುಕಾಳು, ಹುರುಳಿ ಅಥವಾ ಅಲಸಂದೆಯ ಉಸಲಿ, ಒಣಕಾಳಿನ ಲೆಕ್ಕದಲ್ಲಿ 50 ಗ್ರಾಂ: 11. ಮೊಸರನ್ನು ದೊಡ್ಡ ಬಟ್ಟಲಿಗೆ ಏರಿಸಿದರೆ ಇನ್ನು 4. ಸಂಜೆ ಅಥವಾ ರಾತ್ರಿ 40 ಗ್ರಾಂ ಸೋಯಾ ಚಂಕ್ಸ್: 21. ಇದನ್ನು ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿ ಪಲ್ಯಕ್ಕೋ ಸಾಗುಗೋ ಹಾಕಬಹುದು. ಪನೀರ್ 75 ಗ್ರಾಂ: 13. ಒಟ್ಟು 108. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ. ಮಾಂಸ ತಿನ್ನುವವರಿಗೆ ಮೂಳೆ–ಚರ್ಮವಿಲ್ಲದ 150 ಗ್ರಾಂ ಹಸಿ ಕೋಳಿ ಎದೆಮಾಂಸದಲ್ಲಿ 33 ಗ್ರಾಂ ಸಿಗುತ್ತದೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದ್ದೇ ಇವೆ, 100 ಗ್ರಾಂ ಮೀನಿಗೆ ಸುಮಾರು 19. ಮೀನು ಸಾರಿನಲ್ಲೋ ತವಾದ ಮೇಲೋ ಬೆಂದರೆ ಚೆಂದ, ಎಣ್ಣೆಯಲ್ಲಿ ಮುಳುಗಿ ಕರಿದರೆ ಲೆಕ್ಕ ಬೇರೆಯೇ ಆಗುತ್ತದೆ.

ರಾಗಿ ಬಿಡುವ ಅಗತ್ಯವಿಲ್ಲ. 100 ಗ್ರಾಂ ಹಿಟ್ಟಿನಲ್ಲಿ 320 ಕ್ಯಾಲರಿ, 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಭಾರ ಎತ್ತುವ ದಿನಕ್ಕೆ ಒಳ್ಳೆಯ ಇಂಧನ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಮುದ್ದೆಗೆ ಹುರುಳಿ ಬಸ್ಸಾರು ಜೊತೆಯಾದದ್ದು ಈ ದೃಷ್ಟಿಯಿಂದಲೂ ಸರಿಯಾದ ಜೋಡಿ. ಬಸ್ಸಾರು ಮಾಡಿದಾಗ ಬಸಿದ ಕಾಳಿನ ಪಲ್ಯವನ್ನು ಅಂಚಿಗೆ ಬಡಿಸಿಕೊಳ್ಳದೆ ತಟ್ಟೆಯ ನಡುವೆ ಹಾಕಿಕೊಳ್ಳಿ, ಪ್ರೋಟೀನ್ ಇರುವುದು ಅದರಲ್ಲೇ.

ಇಲ್ಲಿಗೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಮೇಲೆ ಸೇರಿಸಿದ ಹಾಲು, ಕಾಳು, ಮೊಸರು, ಸೋಯಾ, ಪನೀರ್ ಒಟ್ಟಾಗಿ 750 ಕ್ಯಾಲರಿಯಷ್ಟಾಗುತ್ತವೆ. ಸಣಕಲು ಮೈಯವರು ಹಾಗೇ ಸೇರಿಸಿಕೊಳ್ಳಬಹುದು. ಹೊಟ್ಟೆ ಇರುವವರು ಅಷ್ಟನ್ನು ಬೇರೆ ಕಡೆಯಿಂದ ತೆಗೆಯಬೇಕು. ಎಲ್ಲಿಂದ? ಬಿಸ್ಕತ್ತು, ಸಂಜೆಯ ಬಜ್ಜಿ, ರಾತ್ರಿಯ ಎರಡನೆಯ ಸುತ್ತಿನ ಅನ್ನ, ಐದು ಕಾಫಿಗೆ ಎರಡೆರಡು ಚಮಚದಂತೆ ಬೀಳುವ 50 ಗ್ರಾಂ ಸಕ್ಕರೆಯ 200 ಕ್ಯಾಲರಿ. ಒಗ್ಗರಣೆಯ ಎಣ್ಣೆ ಒಂದು ಸಣ್ಣ ಚಮಚಕ್ಕೆ 45 ಕ್ಯಾಲರಿ, ಬಾಟಲಿಯಿಂದ ನೇರ ಸುರಿಯುವವರಿಗೆ ಅದು ನಾಲ್ಕು ಚಮಚವಾದದ್ದು ತಿಳಿಯುವುದೇ ಇಲ್ಲ. ಪನೀರ್ ಬದಲು ಮೊಟ್ಟೆಯ ಬಿಳಿ ಅಥವಾ ಇನ್ನಷ್ಟು ಸೋಯಾ ತಿಂದರೂ ತಟ್ಟೆಯಲ್ಲಿನ ಕೊಬ್ಬು ಕಡಿಮೆಯಾಗುತ್ತದೆ. 60 ಮಿಲಿ ವಿಸ್ಕಿಯಲ್ಲಿ ಸುಮಾರು 140 ಕ್ಯಾಲರಿ, ಜೊತೆಗಿನ ಖಾರದ ಕಡಲೆಬೀಜ 30 ಗ್ರಾಂಗೆ 170.

ಒಟ್ಟು ಕ್ಯಾಲರಿಗೆ ಸುಲಭ ಅಂದಾಜು ಇದು. ಕುಳಿತು ಕೆಲಸ ಮಾಡಿ ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುವವರಿಗೆ ಮೈತೂಕದ ಕೆಜಿಗೆ 31 ಕ್ಯಾಲರಿ. 70 ಕೆಜಿಗೆ ಸುಮಾರು 2,200. ಇಳಿಸಲು ಅದರಿಂದ 400 ಕಡಿಮೆ, ಏರಿಸಲು 250 ಹೆಚ್ಚು. ವಾರಕ್ಕೆ ಅರ್ಧ ಕೆಜಿಯಷ್ಟು ಇಳಿದರೆ ಸರಿ, ಒಂದೂವರೆ ಕೆಜಿ ಇಳಿಯುತ್ತಿದ್ದರೆ ಸ್ನಾಯುವೂ ಹೋಗುತ್ತಿದೆ ಎಂದರ್ಥ, ಬೆಂಚಿನಲ್ಲಿ ರೆಪ್ಸ್ ಕುಸಿಯುವುದು ಅದರ ಮೊದಲ ಸೂಚನೆ. ಏರಿಸುವವರಿಗೆ ತಿಂಗಳಿಗೆ ಒಂದು ಕೆಜಿ ಸಾಕು.

ಗರಡಿಯ ಊಟದ ಕಥೆ ಕೇಳಿ ಹಾಲು, ತುಪ್ಪ, ಬಾದಾಮಿಗೆ ಮರುಳಾಗುವವರಿದ್ದಾರೆ. ಪೈಲ್ವಾನರು ಗಂಟೆಗಟ್ಟಲೆ ಮಟ್ಟಿ ಅಗೆದು, ಕುಸ್ತಿ ಆಡಿ, ನೂರಾರು ದಂಡ ಹೊಡೆದು ಅದನ್ನು ಅರಗಿಸುತ್ತಿದ್ದರು. ನೆನೆಸಿದ ಹತ್ತು ಬಾದಾಮಿಯಲ್ಲಿ ಇರುವ ಪ್ರೋಟೀನ್ ಎರಡೂವರೆ ಗ್ರಾಂ ಮಾತ್ರ. ಬಾದಾಮಿ ಒಳ್ಳೆಯದೇ, ಆದರೆ ಅದನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ.

ವ್ಯಾಯಾಮಕ್ಕೆ ಒಂದೂವರೆ ಗಂಟೆ ಮುಂಚೆ ಬಾಳೆಹಣ್ಣೋ ಎರಡು ಇಡ್ಲಿಯೋ, ಮುಗಿದ ಒಂದೆರಡು ಗಂಟೆಯೊಳಗೆ 25ರಿಂದ 30 ಗ್ರಾಂ ಪ್ರೋಟೀನ್ ಇರುವ ಊಟ. ಕೊನೆಯ ಸೆಟ್ ಮುಗಿದ ಕೂಡಲೇ ಶೇಕ್ ಕುಡಿಯದಿದ್ದರೆ ಎಲ್ಲ ವ್ಯರ್ಥ ಎನ್ನುವುದು ಸುಳ್ಳು. ದಿನದ ಪ್ರೋಟೀನನ್ನು ಮೂರ್ನಾಲ್ಕು ಹೊತ್ತಿಗೆ ಹಂಚಿ, ಅಷ್ಟು ಸಾಕು. ನಿದ್ದೆ ಏಳು ಗಂಟೆಗಿಂತ ಕಡಿಮೆಯಾದರೆ ಮಾತ್ರ ಊಟ, ವ್ಯಾಯಾಮ ಎರಡರ ಫಲವೂ ಇಳಿಯುತ್ತದೆ, ಹಸಿವು ಬೇರೆ ಹೆಚ್ಚುತ್ತದೆ.

ಡಬ್ಬಿ, ಪುಡಿ, ಇಂಜೆಕ್ಷನ್

ವ್ಹೇ ಪ್ರೋಟೀನ್ ಎಂದರೆ ಹಾಲಿನಿಂದ ತೆಗೆದ ಪುಡಿ. 30 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೆ ಒಳ್ಳೆಯದು. ಅನುಕೂಲ ಅಷ್ಟೇ, ಅನಿವಾರ್ಯವಲ್ಲ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ ನೋಡಿ. ‘ಮಾಸ್ ಗೇನರ್’ ಡಬ್ಬಿಗಳಲ್ಲಿ ಬಹುಪಾಲು ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟ ಇರುತ್ತದೆ. ಅದಕ್ಕಿಂತ ಬಾಳೆಹಣ್ಣು, ಹಾಲು, ಕಡಲೆಬೀಜ ರುಬ್ಬಿ ಕುಡಿಯುವುದು ಲೇಸು. ಸ್ನಾಯುವಿಗೆ ಚುರುಕಾಗಿ ಶಕ್ತಿ ಒದಗಿಸುವ ಪುಡಿ ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಒಂದೆರಡು ರೆಪ್ಸ್ ಹೆಚ್ಚು ಬರುತ್ತದೆ. ಅದು ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಅಂಕಿಯನ್ನು ಸ್ವಲ್ಪ ಏರಿಸಿ ತೋರಿಸಬಹುದು, ಆದ್ದರಿಂದ ಪರೀಕ್ಷೆಗೆ ಮುಂಚೆ ವೈದ್ಯರಿಗೆ ತಿಳಿಸಿ. ಮೂತ್ರಪಿಂಡದ ತೊಂದರೆ ಇರುವವರು ಹೆಚ್ಚಿನ ಪ್ರೋಟೀನನ್ನಾಗಲಿ ಕ್ರಿಯಾಟಿನನ್ನಾಗಲಿ ವೈದ್ಯರನ್ನು ಕೇಳದೆ ಮುಟ್ಟಬಾರದು.

ಜಿಮ್‌ನ ಮೂಲೆಯಲ್ಲಿ ಯಾರಾದರೂ ‘ಒಂದು ಸೈಕಲ್ ಹಾಕಿ ನೋಡಿ’ ಎಂದರೆ ಅವರು ಹೇಳುತ್ತಿರುವುದು ಅನಬಾಲಿಕ್ ಸ್ಟೀರಾಯ್ಡ್, ಅಂದರೆ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನಂಥ ಔಷಧದ ವಿಷಯ. ಹೊರಗಿನಿಂದ ಹಾರ್ಮೋನ್ ಬಂದಾಗ ದೇಹ ತನ್ನ ಟೆಸ್ಟೋಸ್ಟಿರಾನ್ ತಯಾರಿಕೆಯನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಹೃದಯಕ್ಕೆ ಬೇಕಾದ ಒಳ್ಳೆಯ ಕೊಲೆಸ್ಟ್ರಾಲ್ ಕುಸಿಯುತ್ತದೆ. ಹೆಚ್ಚಾದ ಟೆಸ್ಟೋಸ್ಟಿರಾನ್‌ನ ಒಂದು ಭಾಗ ಈಸ್ಟ್ರೊಜೆನ್ ಆಗಿ ಬದಲಾಗಿ ಸ್ತನದ ಗ್ರಂಥಿಯನ್ನೇ ಬೆಳೆಸುತ್ತದೆ. ಚೆಂದದ ಎದೆಗೆಂದು ಹೊರಟವರು ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವುದು ಹೀಗೆ.

ಗ್ರಂಥಿಯೋ, ಕೊಬ್ಬೋ

ಎಷ್ಟು ತೂಕ ಇಳಿದರೂ ಮೊಲೆತೊಟ್ಟಿನ ಸುತ್ತ ಉಬ್ಬು ಉಳಿದಿದ್ದರೆ ಮಲಗಿಕೊಂಡು ಎರಡು ಬೆರಳಿನಿಂದ ಮೆಲ್ಲಗೆ ಹಿಸುಕಿ ನೋಡಿ. ಕೊಬ್ಬು ಎಲ್ಲೆಡೆ ಒಂದೇ ಮೆದುವಾಗಿರುತ್ತದೆ. ತೊಟ್ಟಿನ ಹಿಂದೆಯೇ ರಬ್ಬರ್ ಬಿಲ್ಲೆಯಂಥ ಗಟ್ಟಿ ಅಂಗಾಂಶ ಕೈಗೆ ಸಿಕ್ಕಿದರೆ ಅದು ಗೈನೆಕೊಮಾಸ್ಟಿಯಾ, ಅಂದರೆ ಗಂಡಸರಲ್ಲಿ ಸ್ತನಗ್ರಂಥಿ ಬೆಳೆದಿರುವುದು ಇರಬಹುದು. ಹದಿಹರೆಯದ ಹುಡುಗರಲ್ಲಿ ಇದು ತುಂಬ ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಆ ವಯಸ್ಸಿನ ಮಗನನ್ನು ಮನೆಯಲ್ಲಿ ಯಾರೂ ಹಾಸ್ಯ ಮಾಡಬಾರದು, ಆ ಮಾತಿನ ಗಾಯ ಉಬ್ಬಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ದೊಡ್ಡವರಲ್ಲಿ ಕೆಲವು ಔಷಧಗಳು, ಯಕೃತ್ತಿನ ಕಾಯಿಲೆ, ಥೈರಾಯ್ಡ್ ಏರುಪೇರು ಕಾರಣವಾಗಬಹುದು. ಹಳೆಯ ಗ್ರಂಥಿ ವ್ಯಾಯಾಮದಿಂದಲೂ ಊಟದಿಂದಲೂ ಕರಗುವುದಿಲ್ಲ, ಅದಕ್ಕೆ ವೈದ್ಯರೇ ಬೇಕು. ಒಂದೇ ಬದಿಯಲ್ಲಿ ಕಲ್ಲಿನಂತೆ ಗಟ್ಟಿ ಗಂಟು, ತೊಟ್ಟಿನಿಂದ ಸ್ರಾವ, ಚರ್ಮ ಒಳಗೆ ಸೆಳೆದಂತಿರುವುದು ಕಂಡರೆ ತಡಮಾಡಬೇಡಿ, ಅಪರೂಪವಾದರೂ ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ.

ಇನ್ನೊಂದು ತುರ್ತು: ಭಾರಿ ಬೆಂಚಿನಲ್ಲಿ ರಾಡು ಇಳಿಸುವಾಗ ಕಂಕುಳ ಹತ್ತಿರ ‘ಟಪ್’ ಎಂದು ಸದ್ದಾಗಿ, ತೋಳಿನವರೆಗೆ ನೀಲಿ ಕಟ್ಟಿದರೆ ಎದೆಯ ಸ್ನಾಯುರಜ್ಜು ಹರಿದಿರಬಹುದು. ಎಣ್ಣೆ ತಿಕ್ಕಿಸಿಕೊಳ್ಳದೆ ಮೂಳೆ ವೈದ್ಯರ ಬಳಿ ಹೋಗಿ. ಹರಿದ ರಜ್ಜನ್ನು ಮೊದಲ ಕೆಲ ವಾರಗಳಲ್ಲಿ ಜೋಡಿಸಿದರೆ ಫಲ ಚೆನ್ನಾಗಿರುತ್ತದೆ.

ಏನು ಬದಲಾಯಿತು ಎಂದು ನೋಡುವುದು ಹೇಗೆ

ಕನ್ನಡಿ ದಿನಕ್ಕೊಂದು ಮಾತಾಡುತ್ತದೆ. ವಾರಕ್ಕೆ ಮೂರು ಬೆಳಿಗ್ಗೆ ತೂಕ ನೋಡಿ ಸರಾಸರಿ ಬರೆದಿಡಿ. ಎರಡು ವಾರಕ್ಕೊಮ್ಮೆ ಸೊಂಟ, ಮತ್ತು ಮೊಲೆತೊಟ್ಟಿನ ಮಟ್ಟದಲ್ಲಿ ಎದೆಯ ಸುತ್ತಳತೆ. ತಿಂಗಳಿಗೊಂದು ಫೋಟೊ, ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಹೊತ್ತಿಗೆ. ಸೊಂಟ ಇಳಿಯುತ್ತಿದ್ದು ಪ್ರೆಸ್‌ನ ಅಂಕಿ ನಿಂತಲ್ಲೇ ಇದ್ದರೆ ಏನನ್ನೂ ಮುಟ್ಟಬೇಡಿ, ಎಲ್ಲ ಸರಿಯಾಗಿಯೇ ನಡೆದಿದೆ. ಸೊಂಟವೂ ಅಂಕಿಯೂ ಒಟ್ಟಿಗೆ ಏರುತ್ತಿದ್ದರೆ ದಿನಕ್ಕೆ 150 ಕ್ಯಾಲರಿ ಕಡಿಮೆ ಮಾಡಿ, ಅನ್ನದಲ್ಲಿ ಅದು ಒಂದು ಸಣ್ಣ ಬಟ್ಟಲು. ನಾಲ್ಕು ವಾರ ಎರಡೂ ಕದಲದಿದ್ದರೆ, ಮೂರು ದಿನ ತಿಂದದ್ದನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆಯಿರಿ. ಕಣ್ಣಂದಾಜಿನಲ್ಲಿ 110 ಗ್ರಾಂ ಎಂದುಕೊಂಡಿದ್ದ ಪ್ರೋಟೀನ್ ಸಾಮಾನ್ಯವಾಗಿ ಆಗ 70ರ ಆಸುಪಾಸಿನಲ್ಲಿ ಸಿಕ್ಕಿಬೀಳುತ್ತದೆ.